ಇನ್ನೂರು ಗಂಟೆ

ಹೆರ್ನಾಲ್ಸ್‌ನ ಇಳಿಜಾರಲ್ಲಿ, ಟ್ರಾಮು ತಿರುಗುವ ಕಡೆ,
ನಾಲ್ಕು ಮೆಟ್ಟಿಲು ಕೆಳಗೆ ನನ್ನ ರಿಪೇರಿ ಅಂಗಡಿ.
ಟ್ರಾಮು ಹೋದಾಗಲೆಲ್ಲ
ಡಬ್ಬಿಯೊಳಗಿನ ಸ್ಕ್ರೂಗಳು ಜಾಗ ಬದಲಿಸುತ್ತವೆ.
ಹಾಗಾಗಿ ಅಳತೆಯ ಕೆಲಸವೆಲ್ಲ ರಾತ್ರಿ,
ಕೊನೆಯ ಟ್ರಾಮಿನ ನಂತರ.

ಮಾರ್ಚಿಯಲ್ಲಿ ಬಂದವರು ಓಟ್ಮಾರ್ ಝ್ವೆಟ್ಲರ್,
ಮೂವತ್ತೊಂದು ವರ್ಷ ಅದೇ ಟ್ರಾಮು ಓಡಿಸಿದವರು.
ಹೆಡ್‌ಫೋನನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು,
ಈಗಷ್ಟೇ ಮೀಯಿಸಿದ ಕೂಸಿನ ಹಾಗೆ.
ದಿಂಬಿನ ಚರ್ಮ ಹೊಟ್ಟೆದ್ದು
ಕೊರಳಪಟ್ಟಿಯ ಮೇಲೆ ಕಪ್ಪಗೆ ಉದುರುತ್ತಿತ್ತು.

"ದಿಂಬು ಬದಲಿಸಿ, ಆದರೆ ಮರ ಹೋಗಬಾರದು," ಅಂದರು.
"ಕೊಂಡಾಗ ಇದರಲ್ಲಿ ಸೆಲ್ಲೋ ಇರಲೇ ಇಲ್ಲ.
ಕಮಾನು ಇತ್ತು, ತಂತಿ ಇತ್ತು, ಮರ ಇರಲಿಲ್ಲ."
ಯಾರೋ ಹೇಳಿದರಂತೆ: ಹೊಸ ಬೂಟಿನ ಹಾಗೆ ಇದು,
ಕಚ್ಚುವುದು ಬಿಡುವ ತನಕ ಪಳಗಿಸಬೇಕು.
ಕಣ್ಣಿನ ಪೊರೆ ತೆಗೆಸಿ ಮನೆಯಲ್ಲಿ ಬಿದ್ದಿದ್ದರು, ಬಿಡುವಿತ್ತು.
ಕಾಲುಚೀಲದ ಡ್ರಾಯರಿನೊಳಗಿಟ್ಟು ಇನ್ನೂರು ಗಂಟೆ
ಬರೀ ಸದ್ದು ಹರಿಸಿದರು. ರಾಗವಲ್ಲ, ಮಾತಲ್ಲ,
ನಲ್ಲಿ ಬಿಟ್ಟು ಮರೆತ ಹಾಗೆ, ಹಗಲೂ ರಾತ್ರಿ.
ಅಕ್ಕ ಗೆರ್ಲಿಂಡೆ ಎರಡು ಸಲ ಎದ್ದು
ಒಲೆಯ ಮೇಲೆ ಕೆಟಲ್ ಇದೆಯಾ ಎಂದು ನೋಡಿ ಬಂದರಂತೆ.

"ಒಂಬತ್ತನೇ ದಿನ ಹಾಕಿಕೊಂಡೆ.
ಮರ ಬಂದಿತ್ತು."

ನನ್ನ ಕಿವಿ ಮೇಲೆ ಹೂವಿಡಲು ಬಂದವರಲ್ಲ;
ಹೇಳುವಾಗ ಗಂಟಲು ಕಟ್ಟಿತ್ತು.
ಆದರೆ ನಾನು ಮೊಂಡಿ. ಅದೇ ಮಾಡೆಲ್ಲಿನ ಇನ್ನೊಂದು
ಸೀಲು ಒಡೆಯದೆ ಕಪಾಟಿನಲ್ಲಿ ಕೂತಿತ್ತು.
ರಾತ್ರಿ ಎರಡನ್ನೂ ಸರದಿಯಂತೆ ಪೆಪಿಗೆ ತೊಡಿಸಿದೆ,
ದಿಂಬು ಮಾತ್ರ ಎರಡಕ್ಕೂ ಒಂದೇ ಜೋಡಿ.
ಪೆಪಿ ಅಂದರೆ ರಬ್ಬರು ಕಿವಿಯ ಬೊಂಬೆತಲೆ:
ಅಭಿಪ್ರಾಯವಿಲ್ಲ, ಬೇಸರವಿಲ್ಲ,
ಒಂದು ಹಾಡನ್ನೂ ಈವರೆಗೆ ಪ್ರೀತಿಸಿಲ್ಲ.
ಪರದೆಯ ಮೇಲೆ ಎರಡು ಗೆರೆ,
ಒಂದರ ಮೇಲೊಂದು, ಕೂದಲೆಳೆಯ ಸಂದಿಲ್ಲ.
ಕಿವಿಯೇ ಪಳಗಿತು ಅನ್ನೋಣವೆಂದರೆ
ಅವರ ಕಿವಿ ಒಂಬತ್ತು ದಿನ ರಜೆಯಲ್ಲಿತ್ತು.

ಹಳೇ ದಿಂಬನ್ನು ದೀಪದಡಿ ಹಿಡಿದೆ.
ಕಿವಿಯ ಮುಂದೆ ಬರುವ ಅಂಚಿನಲ್ಲಿ
ಸಣ್ಣದೊಂದು ಕಾಲುವೆ,
ಕಣ್ಣಿಗಿಂತ ಬೆರಳಿಗೆ ಬೇಗ ಸಿಗುವಂಥದ್ದು.
ನನ್ನ ಹೆಡ್‌ಫೋನಿನ ದಿಂಬು ಮುಟ್ಟಿ ನೋಡಿದೆ:
ಅದೇ ಜಾಗ, ಅದೇ ಕಾಲುವೆ.

ನನ್ನ ಕನ್ನಡಕ ತೆಗೆದು ಪೆಪಿಗೆ ಹಾಕಿದೆ,
ಅದರ ಮೇಲೆ ಹೆಡ್‌ಫೋನು.
ಗೆರೆಯ ಎಡತುದಿ ಕುಸಿಯಿತು
ಹೊಳೆ ಕೊರೆದ ದಡದ ಹಾಗೆ.
ಪರದೆಗೆ ಮೂಗು ತಾಗಿಸಿ ಓದಿದೆ, ಬರಿಗಣ್ಣಲ್ಲಿ:
ಇನ್ನೂರು ಹರ್ಟ್ಸಿನ ಕೆಳಗೆ ಆರು ಡೆಸಿಬೆಲ್ ಇಲ್ಲ.
ಕನ್ನಡಕದ ಕಾಲು ಬಿಟ್ಟ ಸಂದಿಯಲ್ಲಿ
ಮರವೆಲ್ಲ ಸೋರಿ ಹೋಗುತ್ತಿತ್ತು.

ಗುರುವಾರ ಬಂದರು. ಮೊದಲು ಮಖಮಲ್ಲಿನ ದಿಂಬು.
ಕಮಾನಿಗೆ ಹಚ್ಚಿದ ರಾಳವೂ ಕೇಳುತ್ತದೆ ಅದರಲ್ಲಿ,
ಕೆಳದನಿ ಮಾತ್ರ ಬಟ್ಟೆಯೊಳಗಿಂದ ಜಾರಿಕೊಳ್ಳುತ್ತದೆ.
ತಲೆಯಾಡಿಸಿದರು. ಚರ್ಮದ್ದು ಕೊಟ್ಟೆ.
ಹೊಸದು, ಉಬ್ಬಿದ್ದು; ಸೆಲ್ಲೋ
ಎರಡು ಹೆಜ್ಜೆ ಹಿಂದೆ ಹೋಗಿ ನಿಂತಿತು.
"ಮತ್ತೆ ಡ್ರಾಯರಿಗಾ?" ಎಂದರು ಗಾಬರಿಯಲ್ಲಿ.

ಗೆರೆಗಳ ಕಾಗದ ಮುದ್ರಿಸಿ ಇಟ್ಟಿದ್ದೆ.
ಮೇಜಿನ ಮೇಲೇ ಇತ್ತು, ಬೋರಲಾಗಿ.
"ಬೇಡ," ಅಂದೆ, "ತಲೆಗೇ ಹಾಕಿಕೊಳ್ಳಿ.
ಸ್ಪಂಜು ನಿಮ್ಮ ದವಡೆಯ ಅಳತೆಗೆ ಇಳಿಯಲಿ, ಒಂದು ತಿಂಗಳು."
ಬಾಗಿಲ ಹತ್ತಿರ, ತಡೆಯಲಾರದೆ, ಇನ್ನೊಂದು ಮಾತು:
"ಕೇಳುವಾಗ ಕನ್ನಡಕ ಬೇಡ."

"ಆಪರೇಷನ್ ಆದಮೇಲೆ ಓದಲಿಕ್ಕಷ್ಟೇ," ಎಂದವರು
ಒಂದು ಮೆಟ್ಟಿಲು ಹತ್ತಿ ನಿಂತುಬಿಟ್ಟರು,
ಬೆನ್ನು ನನ್ನ ಕಡೆಗೆ.
ಮೇಲೆ ಟ್ರಾಮು ತಿರುಗಿತು. ಸ್ಕ್ರೂಗಳು ಅಲುಗಿದವು.
"ಗೆರ್ಲಿಂಡೆಗೆ," ಎಂದರು ಕೊನೆಗೆ,
"ಇದು ಗೊತ್ತಾಗುವುದು ಬೇಡ."